ಹದಿನಾಲ್ಕನೆಯ ಸಹಿ

ನಮ್ಮ ವಕೀಲರ ಸಂಘದ ನೋಟಿಸ್ ಬೋರ್ಡಿನಲ್ಲಿ ಒಂದು ಹಾಳೆ ಇದೆ. ಎರಡು ವರ್ಷದಿಂದ ಅಲ್ಲೇ ಇದೆ. ರಜೆಯ ಪಟ್ಟಿ, ಕ್ರಿಕೆಟ್ ಪಂದ್ಯದ ಕರಪತ್ರ, ಯಾರದೋ ಮಗಳ ಮದುವೆಯ ಕರೆಯೋಲೆ ಎಲ್ಲಾ ಅದರ ಮೇಲೆ ಬಂದು ಹೋದವು. ಆ ಹಾಳೆಗೆ ಮಾತ್ರ ಯಾರೂ ಕೈ ಹಾಕಿಲ್ಲ. "ಇಂಥ ನೀಚ ಕೃತ್ಯ ಎಸಗಿದ ಪಾಪಿಗೆ ಗಲ್ಲೇ ತಕ್ಕ ಶಿಕ್ಷೆ. ಅವನ ಪರವಾಗಿ ನಮ್ಮಲ್ಲಿ ಯಾರೂ ವಕಾಲತ್ತು ಹಾಕತಕ್ಕದ್ದಲ್ಲ" ಎಂದು ಟೈಪು ಮಾಡಿಸಿದ ಸಾಲುಗಳು, ಕೆಳಗೆ ಇಪ್ಪತ್ತೇಳು ಸಹಿ. ಹದಿನಾಲ್ಕನೆಯದು ನನ್ನದು.

ಯಾವ ತಾಲ್ಲೂಕಿನ ಸಂಘ ಅಂತ ಹೇಳುವುದಿಲ್ಲ. ಶಿಡ್ಲಘಟ್ಟವೋ ಚಿಂತಾಮಣಿಯೋ ಗೌರಿಬಿದನೂರೋ ಅಂತ ಊಹಿಸಿ, ಪಕ್ಕದ ಊರಿನವರನ್ನು ಬೈದು, ತಮ್ಮ ಊರು ಹಾಗಲ್ಲ ಅಂದುಕೊಂಡು ನೆಮ್ಮದಿಯಾಗಿ ಮಲಗುವವರಿಗೆ ಆ ಅನುಕೂಲವನ್ನು ನಾನು ಯಾಕೆ ಮಾಡಿಕೊಡಲಿ?

ನಾನು ಹುಟ್ಟಿ ಬೆಳೆದದ್ದು ಶಿಡ್ಲಘಟ್ಟದಲ್ಲಿ. ನಮ್ಮ ಕಡೆ ರೇಷ್ಮೆಯಲ್ಲಿ ಎರಡು ಲೋಕ. ಹುಳ ಸಾಕಿ ಗೂಡು ಬೆಳೆಯುವವರದು ಒಂದು. ಹಿಪ್ಪುನೇರಳೆ ತೋಟ, ಹುಳುವಿನ ಮನೆ, ಕೊನೆಗೆ ಗೂಡಿನ ಮಾರ್ಕೆಟ್ಟು, ಅಲ್ಲಿಗೆ ಅವರ ದಾರಿ ಮುಗಿಯಿತು. ಆ ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ನೂಲು ತೆಗೆಯುವವರದು ಇನ್ನೊಂದು ಲೋಕ. ಮಾರ್ಕೆಟ್ಟಿನ ಗೇಟು ದಾಟಿದ ಮೇಲೆ ಗೂಡಿಗೆ ಏನಾಗುತ್ತದೆ ಅಂತ ಬೆಳೆದವರು ನೋಡಲು ಹೋಗುವುದಿಲ್ಲ, ಹೋಗುವ ಅಗತ್ಯವೂ ಇಲ್ಲ. ನಮ್ಮ ಸಂಘದಲ್ಲಿ ಹೆಚ್ಚಿನವರು ಮೊದಲನೆಯ ಲೋಕದವರು. ಜಮೀನಿದೆ, ತೋಟವಿದೆ, ಜೊತೆಗೆ ಕರಿಕೋಟು. ನಾನು ಎರಡನೆಯದರಿಂದ ಬಂದವಳು.

ನಮ್ಮಮ್ಮ ಮೂವತ್ತು ವರ್ಷ ಫಿಲೇಚರ್‌ನಲ್ಲಿ ದುಡಿದಳು. ನೂಲು ತೆಗೆಯುವ ಕಾರ್ಖಾನೆಗೆ ನಮ್ಮಲ್ಲಿ ಹಾಗೇ ಅನ್ನುವುದು. ಬಿಸಿನೀರಿನ ಬೇಸಿನ್ ಮುಂದೆ ಕೂತು, ಬೆಂದ ಗೂಡನ್ನು ಬೆರಳಿನಿಂದ ತಡಕಿ ಎಳೆಯ ತುದಿ ಹಿಡಿಯಬೇಕು. ದಿನವಿಡೀ ಕೈ ಆ ನೀರಿನಲ್ಲೇ. ಚರ್ಮ ಬೆಳ್ಳಗೆ ಉಬ್ಬಿ ಸುಲಿಯುತ್ತದೆ, ಬೆರಳ ಸಂದಿಯಲ್ಲಿ ಹುಣ್ಣಾಗುತ್ತದೆ, ನೂಲಿನ ಎಳೆ ಕೊಯ್ದು ಕೊಯ್ದು ಕೆಂಪು ಗೀರು ಬೀಳುತ್ತದೆ, ನೀರು ಚಿಮ್ಮಿ ಮುಂಗೈ ಮೇಲೆ ಸುಟ್ಟ ಕಲೆ. ಖಾರದ ಸಾರು ತಾಗಿದರೆ ಅಮ್ಮನಿಗೆ ಪ್ರಾಣ ಹೋಗುವಷ್ಟು ಉರಿ. ಅದಕ್ಕೆ ರಾತ್ರಿ ಊಟಕ್ಕೆ ನಾನೇ ಮುದ್ದೆ ಮುರಿದು ಸಾರಿಗೆ ಅದ್ದಿ ಅವಳ ಬಾಯಿಗಿಡುತ್ತಿದ್ದೆ. ಬೇರೆ ಮನೆಗಳಲ್ಲಿ ತಾಯಂದಿರು ಮಕ್ಕಳಿಗೆ ತಿನ್ನಿಸುತ್ತಾರೆ ಅಂತ ನನಗೆ ತಿಳಿದದ್ದು ಸ್ಕೂಲಿಗೆ ಹೋದ ಮೇಲೆ. ಇವತ್ತಿಗೂ ರೇಷನ್ ಅಂಗಡಿಯ ಮಿಷನ್ನು ಅವಳ ಬೆರಳಿನ ಗುರುತನ್ನು ಒಪ್ಪುವುದಿಲ್ಲ. ಗುರುತೆಲ್ಲಾ ನೀರಿಗೆ ಹೋಗಿದೆ. ಆ ಕೈಯ ದುಡಿಮೆಯಲ್ಲೇ ನನ್ನ ಲಾ ಓದು ಮುಗಿಯಿತು.

ಈಗ ಆ ಹಾಳೆಯ ವಿಷಯಕ್ಕೆ ಬರುತ್ತೇನೆ.

ನಮ್ಮ ಸಂಘ ಇರುವ ಊರಿನಲ್ಲಿ ಒಬ್ಬ ಅಂಗನವಾಡಿ ಟೀಚರ್ ಇದ್ದಳು. ಮೂವತ್ತೂ ದಾಟಿರದ ಹೆಂಗಸು, ಮಕ್ಕಳಿಗೆ ಅವಳೆಂದರೆ ಪಂಚಪ್ರಾಣ. ಒಂದು ಮಧ್ಯಾಹ್ನ ಅವಳನ್ನು ಅವಳ ಮನೆಯೊಳಗೇ ಕತ್ತು ಹಿಸುಕಿ ಕೊಂದಿದ್ದರು. ಊರೇ ಕುದಿಯಿತು. ಕುದಿಯಬೇಕಾದದ್ದೇ. ನಾನೂ ಅತ್ತೆ. ಮಾರನೆಯ ದಿನ ಅಂಗಡಿಗಳು ಮುಚ್ಚಿದವು, ಕಾಲೇಜಿನ ಹುಡುಗಿಯರು ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ ಮೊಂಬತ್ತಿ ಹಚ್ಚಿಕೊಂಡು ಮೆರವಣಿಗೆ ಹೋದರು. "ಗಲ್ಲಿಗೇರಿಸಿ, ಗಲ್ಲಿಗೇರಿಸಿ" ಅನ್ನುವ ಕೂಗು ಕೋರ್ಟಿನ ಒಳಗೂ ಕೇಳಿಸುತ್ತಿತ್ತು. ಯಾರನ್ನು ಅಂತ ಇನ್ನೂ ಯಾರಿಗೂ ಗೊತ್ತಿರಲಿಲ್ಲ. ಹಗ್ಗ ಮೊದಲು ತಯಾರಾಯಿತು, ಕತ್ತು ಆಮೇಲೆ ಹುಡುಕಿದರು.

ಕತ್ತು ಸಿಕ್ಕಿದ್ದು ಮೂರನೆಯ ದಿನ. ಅವಳ ಮನೆಯ ಹಿಂದಿನ ಬೀದಿಯ ಫಿಲೇಚರ್‌ನಲ್ಲಿ ಕೆಲಸ ಮಾಡುವ ಒಬ್ಬ ಕೂಲಿಯವನು. ಸತ್ತ ಹೆಂಗಸು ಕೊನೆಯ ಗಳಿಗೆಯಲ್ಲಿ ಪರಚಿ ಒದ್ದಾಡಿದ್ದಳಂತೆ. ಇವನ ಎರಡೂ ಕೈ ಮೇಲೆ ಗೀರು, ಗಾಯ, ಸುಲಿದ ಚರ್ಮ. ಇನ್ನೇನು ಬೇಕು? ಪೊಲೀಸ್ ಸ್ಟೇಷನ್ನಿನ ನೆಲದ ಮೇಲೆ ಕೂರಿಸಿ, ಕೈ ಬಿಡಿಸಿ ಮುಂದಕ್ಕೆ ಚಾಚಿಸಿ ತೆಗೆದ ಫೋಟೋ ಅರ್ಧ ಗಂಟೆಯಲ್ಲಿ ಊರಿನ ಎಲ್ಲ ಮೊಬೈಲಿಗೂ ಬಂತು. ಮುಖವನ್ನು ಮಸುಕು ಮಾಡಿದ್ದರು. ಕೈ ಮಾತ್ರ ಸ್ಪಷ್ಟವಾಗಿತ್ತು. "ರಾಕ್ಷಸನ ಕೈ" ಅಂತ ಯಾರೋ ಕೆಳಗೆ ಬರೆದಿದ್ದರು.

ನನಗೂ ಬಂತು. ನೋಡಿದೆ. ಫೋನನ್ನು ಮೇಜಿನ ಮೇಲೆ ಮಗುಚಿ ಹಾಕಿ ಇನ್ಯಾವುದೋ ಫೈಲು ಬಿಚ್ಚಿದೆ. ಆ ಕೈ ಏನು ಅಂತ ನನಗೆ ಆಗ ಹೊಳೆಯಲಿಲ್ಲ ಅಂತ ಬಹಳ ದಿನ ನನಗೆ ನಾನೇ ಹೇಳಿಕೊಂಡೆ.

ಅವತ್ತು ಸಂಜೆ ನಾಲ್ಕು ಗಂಟೆಗೆ ಸಂಘದ ತುರ್ತು ಸಭೆ. ನಮ್ಮಲ್ಲಿ ಒಬ್ಬ ಹಿರಿಯ ವಕೀಲರಿದ್ದಾರೆ, ಸಂಘದಲ್ಲಿ ಅವರ ಮಾತೇ ಕೊನೆ ಮಾತು. ಅವರು ಎದ್ದು ನಿಂತು, ಹೆಣ್ಣುಮಕ್ಕಳ ಮಾನ, ಊರಿನ ಮರ್ಯಾದೆ, ಇಂಥವರು ಭೂಮಿಗೆ ಭಾರ ಅಂತೆಲ್ಲಾ ಅಬ್ಬರಿಸಿದರು. "ಕೋರ್ಟು, ವಾಯಿದೆ ಅಂತ ಎಳೀತಾ ಕೂತ್ರೆ ಆಗಲ್ಲ. ಇಂಥೋರಿಗೆ ವಕೀಲ ಯಾಕ್ರೀ ಬೇಕು?" ಅಂದರು. ಚಪ್ಪಾಳೆ. ವಕೀಲರು ಚಪ್ಪಾಳೆ ತಟ್ಟಿದರು! ನಿರ್ಣಯದ ಹಾಳೆ ಕೈಯಿಂದ ಕೈಗೆ ಬಂತು. ನನ್ನ ಹತ್ತಿರ ಬಂದಾಗ ನಾನು ಒಂದು ಕ್ಷಣ ಪೆನ್ನು ಹುಡುಕಿದೆ. ಅಷ್ಟೇ ಸಾಕಾಯಿತು. ಹಿಂದಿನ ಬೆಂಚಿನಿಂದ ಯಾರೋ ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವ ಹಾಗೆ, "ಮೇಡಂ ಅವರ ಕಡೆಯೋನಂತಲ್ಲ" ಅಂದರು.

ಆ ಮಾತಿಗೆ ಅರ್ಥ ಹೇಳಬೇಕಾಗಿಲ್ಲ. ನಮ್ಮ ಕೇರಿಯಿಂದ ಬಂದು ಕರಿಕೋಟು ಹಾಕಿದವಳಿಗೆ ಇಪ್ಪತ್ತು ವರ್ಷದಿಂದ ಹಿಂದಿನ ಬೆಂಚು ಆಡುತ್ತಾ ಬಂದ ಮಾತೇ ಅದು. ಪ್ರತಿ ಸಲವೂ ನಾನು ಅದಕ್ಕೆ ಎದುರು ಹೇಳಿದ್ದೇನೆ, ಜಗಳ ಆಡಿದ್ದೇನೆ. ಅವತ್ತು ಮಾತ್ರ ಸಹಿ ಹಾಕಿದೆ. ನನ್ನ ಹೆಸರನ್ನು ಅಷ್ಟು ಬೇಗ ನಾನು ಎಂದೂ ಬರೆದಿರಲಿಲ್ಲ.

ನಾಲ್ಕು ದಿನ ಕಳೆದು ಭಾನುವಾರ ಬೆಳಗ್ಗೆ ಒಬ್ಬ ಹೆಂಗಸು ನಮ್ಮ ಮನೆ ಬಾಗಿಲಿಗೆ ಬಂದಳು. ಅವರೆಕಾಯಿ ಕಾಲ. ಅಮ್ಮ ಪಡಸಾಲೆಯಲ್ಲಿ ಕೂತು ನೆನೆಸಿದ ಅವರೆಕಾಳನ್ನು ಹಿತುಕುತ್ತಿದ್ದಳು. ನಾನು ಪೇಪರ್ ಓದುತ್ತಿದ್ದೆ. ಹೆಂಗಸು ಒಳಗೆ ಬರಲಿಲ್ಲ, ಬಾಗಿಲ ಚೌಕಟ್ಟು ಹಿಡಿದು ನಿಂತಳು. ನಾನು ಅವಳ ಮುಖ ನೋಡಿದೆ. ಅಮ್ಮ ನೋಡಿದ್ದು ಚೌಕಟ್ಟಿನ ಮೇಲಿದ್ದ ಕೈಯನ್ನು.

"ಯಾವ ಫಿಲೇಚರ್ ತಾಯಿ ನಿಂದು?" ಅಂತ ಕೇಳಿದಳು.

ಹೆಸರಿಲ್ಲ, ಊರಿಲ್ಲ, ಪರಿಚಯವಿಲ್ಲ. ಕೈ ನೋಡಿದಳು, ಕೇಳಿದಳು. ಹೆಂಗಸು ಹೇಳಿದಳು. ಅಮ್ಮ ಒಳಗೆ ಹೋಗಿ ಕೊಬ್ಬರಿ ಎಣ್ಣೆಯ ಬಾಟಲಿ ತಂದು, ಅವಳ ಕೈ ಹಿಡಿದು ಕೂರಿಸಿ, ಬೆರಳ ಸಂದಿಗೆಲ್ಲಾ ಹಚ್ಚತೊಡಗಿದಳು. ಇಬ್ಬರೂ ತೆಲುಗಿಗೆ ಜಾರಿದರು. ಬೇಸಿನ್ ನೀರಿನ ಕಾವು, ಈಗಿನ ಗೂಡಿನ ಗುಣ, ಮೇಸ್ತ್ರಿಯ ಬಾಯಿ, ಇಂಥದ್ದೇ ಮಾತು. ನಾನು ಪೇಪರ್ ಹಿಡಿದುಕೊಂಡೇ ಕೂತಿದ್ದೆ. ಆಮೇಲೆ ಆ ಹೆಂಗಸು ನನ್ನ ಕಡೆ ತಿರುಗಿ ಎರಡೂ ಕೈ ಚಾಚಿದಳು. ಫೋಟೋದಲ್ಲಿ ಇದ್ದ ಹಾಗೆಯೇ.

"ನೋಡಕ್ಕ. ನಮ್ಮೆಜಮಾನ್ರು ಒಂದ್ ಬೇಸಿನ್ನು, ಪಕ್ಕದ್ರಲ್ಲಿ ನಾನು. ನನ್ ಕೈಯಲ್ಲೂ ಅದೇ ಗಾಯ ಇದೆ. ನಾನ್ಯಾರನ್ನ ಸಾಯ್ಸಿದೀನಿ?"

ಗಂಡನಿಗೋಸ್ಕರ ಹತ್ತೊಂಬತ್ತು ಜನ ವಕೀಲರ ಬಾಗಿಲಿಗೆ ಹೋಗಿದ್ದಳಂತೆ. ಸರ್ಕಾರದಿಂದ ಪುಕ್ಕಟೆ ವಕೀಲರನ್ನು ಕೊಡುತ್ತಾರೆ ಅಂತ ಯಾರೋ ಹೇಳಿದ್ದರು. ಕೊಡುತ್ತಾರೆ, ನಿಜ. ಆದರೆ ಆ ಪಟ್ಟಿಯಲ್ಲಿರುವವರೂ ಇದೇ ಹಾಳೆಗೆ ಸಹಿ ಹಾಕಿದವರೇ ತಾನೆ? "ಸಾರ್ ಊರಲ್ಲಿಲ್ಲ", "ಹುಷಾರಿಲ್ಲ", "ಇವೆಲ್ಲಾ ನಾವು ಮಾಡಲ್ಲಮ್ಮ", ಒಂದೊಂದು ಬಾಗಿಲಲ್ಲಿ ಒಂದೊಂದು ಸುಳ್ಳು. ಅವನ ಪರವಾಗಿ ಒಂದು ಮಾತಾಡುವವರಿಲ್ಲದೆ ಅವನನ್ನು ಎರಡು ಸಲ ನ್ಯಾಯಾಧೀಶರ ಮುಂದೆ ನಿಲ್ಲಿಸಿ ವಾಪಸ್ ಕರೆದುಕೊಂಡು ಹೋಗಿದ್ದರು. ಕೊಲೆಯ ಆರೋಪ. ಊರೆಲ್ಲಾ ಕೇಳುತ್ತಿರುವುದು ಗಲ್ಲು.

ಮಾರನೆಯ ದಿನ ನಾನು ಸಂಘದ ಕೋಣೆಗೆ ಹೋಗಿ ನನ್ನ ಸಹಿಯನ್ನು ಹೊಡೆದುಹಾಕಿ ಅಂದೆ. ಹಿರಿಯರು ಇಡ್ಲಿ ತಿನ್ನುತ್ತಿದ್ದರು. "ಹಾಕಿದ ಸಹಿ ವಾಪಸ್ ತಗೊಳ್ಳೋ ಪದ್ಧತಿ ಇಲ್ವಲ್ಲ ಮೇಡಂ" ಅಂದರು. ಅದು ಪರಚಿದ ಗಾಯವಲ್ಲ, ಬೇಸಿನ್ನಿನ ಗಾಯ, ನಮ್ಮಮ್ಮನ ಕೈಯೂ ಹಾಗೇ ಇತ್ತು ಅಂದೆ. ಅವರು ಚಟ್ನಿ ಹಾಕಿಸಿಕೊಂಡು, "ಮೂರು ತಲೆಮಾರಿಂದ ರೇಷ್ಮೆ ಬೆಳೀತಿದೀವಿ. ಹುಳ ಮುಟ್ಟಿದ್ರೆ ಯಾರ ಕೈಗೂ ಏನೂ ಆಗಲ್ಲ. ನಮಗೆ ಗೊತ್ತಿಲ್ದಿರೋ ರೇಷ್ಮೆನಾ?" ಅಂದರು.

ಗೊತ್ತಿಲ್ಲ ಸ್ವಾಮಿ, ನಿಮಗೆ ಗೊತ್ತಿಲ್ಲ! ನಿಮ್ಮ ರೇಷ್ಮೆ ಮಾರ್ಕೆಟ್ಟಿನ ಗೇಟಿಗೆ ನಿಂತುಹೋಗುತ್ತದೆ. ನಿಮ್ಮ ಮನೆಯಿಂದ ಅರ್ಧ ಮೈಲಿ ದೂರದಲ್ಲಿ ನಿಮ್ಮದೇ ಗೂಡನ್ನು ಬೇಯಿಸುವ ಕೈ ಹೇಗಿರುತ್ತದೆ ಅಂತ ಒಂದು ದಿನ ಹೋಗಿ ನೋಡಲಿಲ್ಲ. ಆ ಕೈ ಫೋಟೋದಲ್ಲಿ ಬಂದಾಗ ರಾಕ್ಷಸನದು ಅಂದಿರಿ. ಇಷ್ಟೂ ತಿಳಿಯದವರು ಇನ್ನೊಬ್ಬರ ಪ್ರಾಣ ತೆಗೆಯಬೇಕೋ ಬೇಡವೋ ಅಂತ ತೀರ್ಪು ಕೊಡಲು ಹೊರಟಿದ್ದೀರಿ. ಇಷ್ಟನ್ನೂ ಅವರ ಮುಖದ ಮೇಲೇ ಅಂದೆ. ಕೋಣೆಯಲ್ಲಿ ಇದ್ದವರೆಲ್ಲಾ ಕೇಳಿದರು. "ಸತ್ತೋಳು ನಿಮ್ಮ ತಂಗಿಯಾಗಿದ್ರೆ?" ಅಂತ ಒಬ್ಬರು ಕೇಳಿದರು. ಗಲ್ಲಿನ ಮಾತು ಎತ್ತಿದಲ್ಲೆಲ್ಲಾ ಈ ಪ್ರಶ್ನೆ ಬಂದೇ ಬರುತ್ತದೆ. ನನ್ನ ತಂಗಿಯಾಗಿದ್ದರೆ ನಾನು ಹುಚ್ಚಿಯಾಗಿರುತ್ತಿದ್ದೆ, ಕೈಗೆ ಸಿಕ್ಕಿದವನನ್ನು ಕೊಚ್ಚಿ ಹಾಕಿ ಅನ್ನುತ್ತಿದ್ದೆ. ಅದಕ್ಕೇ ಅಲ್ಲವೇ ತೀರ್ಪನ್ನು ಅಕ್ಕ ತಂಗಿಯರ ಕೈಗೆ ಕೊಡದೆ ಕೋರ್ಟು ಅಂತ ಒಂದನ್ನು ಕಟ್ಟಿರುವುದು?

ವಕಾಲತ್ತು ಹಾಕಿದೆ. ಅವತ್ತಿನಿಂದ ಸಂಘದ ಕೋಣೆಯಲ್ಲಿ ನನ್ನ ಕುರ್ಚಿ ಕಾಣೆಯಾಯಿತು. ಕ್ಯಾಂಟೀನಿನಲ್ಲಿ ನಾನು ಕೂತರೆ ಉಳಿದವರು ಟೀ ಲೋಟ ಹಿಡಿದುಕೊಂಡು ಎದ್ದು ಹೋಗುತ್ತಿದ್ದರು. ಇದಕ್ಕೆಲ್ಲಾ ನಾನು ಹೆದರಲಿಲ್ಲ. ಆದರೆ ಸತ್ತವಳ ತಾಯಿ ಕೋರ್ಟಿನ ಜಗಲಿಯಲ್ಲಿ ನನ್ನನ್ನು ಅಡ್ಡಗಟ್ಟಿ, "ನಿನ್ ಹೊಟ್ಟೇಲಿ ಹೆಣ್ಣುಮಗು ಹುಟ್ಟಿಲ್ವೇನೇ?" ಅಂತ ಮಣ್ಣು ತೂರಿದ ದಿನ ವಾಪಸ್ ಮನೆಗೆ ಹೋಗಿಬಿಡೋಣ ಅನ್ನಿಸಿತು. ಸೀರೆ ಕೊಡವಿಕೊಂಡು ಒಳಗೆ ಹೋದೆ.

ಜೈಲಿನಲ್ಲಿ ಅವನನ್ನು ನೋಡಲು ಹೋದಾಗಲೆಲ್ಲಾ ನಾನು ಮೊದಲು ಕೈ ನೋಡುತ್ತಿದ್ದೆ. ಮೊದಲ ತಿಂಗಳು ಹುಣ್ಣು ಒಣಗಿತು. ಮೂರನೆಯ ತಿಂಗಳಿಗೆ ಹೊಸ ಚರ್ಮ ಬಂದಿತ್ತು. ಅವನಿಗೆ ನಲವತ್ತು ವರ್ಷ. ಹನ್ನೆರಡನೆಯ ವಯಸ್ಸಿಗೆ ಬೇಸಿನ್ನಿಗೆ ಕೂತವನಂತೆ. "ನನ್ ಕೈ ಇಂಗಿರುತ್ತೆ ಅಂತ ನಂಗೇ ಗೊತ್ತಿರ್ಲಿಲ್ಲ ಮೇಡಂ" ಅಂತ ತಿರುಗಿಸಿ ತಿರುಗಿಸಿ ನೋಡಿಕೊಂಡ. ಗಲ್ಲಾಗುತ್ತಾ ಅಂತ ಒಂದೇ ಒಂದು ಸಲ ಕೇಳಿದ. "ಆಗಲ್ಲ, ನಾನು ಬಿಡಲ್ಲ" ಅಂದೆ. ಅದು ನನ್ನ ಕೈಯಲ್ಲಿರಲಿಲ್ಲ ಅನ್ನುವುದು ಅವನಿಗೂ ಗೊತ್ತಿತ್ತು.

ಆ ಕೈಯನ್ನೇ ಮುಂದಿಟ್ಟು ಚಿಕ್ಕಬಳ್ಳಾಪುರದ ಜಿಲ್ಲಾ ಕೋರ್ಟಿನಲ್ಲಿ ಜಾಮೀನಿಗೆ ವಾದ ಮಾಡಿದೆ. ಬಿಸಿನೀರಿನಿಂದ ದೂರವಿದ್ದ ಮೂರು ತಿಂಗಳಲ್ಲಿ ಕೈ ವಾಸಿಯಾಗಿದೆ, ಆದ್ದರಿಂದ ಗಾಯ ಬಿಸಿನೀರಿನದು, ಬೇಕಾದರೆ ಅವನ ಜೊತೆ ದುಡಿಯುವವರನ್ನು ಕರೆಸಿ ನೋಡಿ ಅಂದೆ. ಸರ್ಕಾರಿ ವಕೀಲರು ಎದ್ದು, "ನೋಡಿ ಸ್ವಾಮಿ, ಗಾಯ ಪೂರ್ತಿ ಮಾಯ್ದಿದೆ ಅಂತ ಮೇಡಮ್ಮೇ ಒಪ್ಕೊಂಡಿದ್ದಾರೆ. ಅಂದ್ರೆ ಅದು ಅವತ್ತು ಆದ ಗಾಯವೇ" ಅಂದರು. ಕೈಯಲ್ಲಿ ಗಾಯವಿದ್ದರೂ ಗಲ್ಲು, ಗಾಯ ಮಾಯ್ದರೂ ಗಲ್ಲು. ಡಾಕ್ಟರ ಸರ್ಟಿಫಿಕೇಟಿನಲ್ಲೂ "ಪರಚಿದ ಗಾಯ" ಅಂತಲೇ ಇತ್ತು. ಯಾಕೆಂದರೆ ಕರೆದುಕೊಂಡು ಹೋದ ಪೊಲೀಸರು ಹಾಗಂತ ಹೇಳಿದ್ದರು. ಜಾಮೀನು ಸಿಗಲಿಲ್ಲ.

ಅವನನ್ನು ಉಳಿಸಿದ್ದು ನಾನಲ್ಲ, ನಮ್ಮ ವ್ಯವಸ್ಥೆಯೂ ಅಲ್ಲ. ಸತ್ತವಳ ಫೋನು ಕೊಲೆಯ ದಿನದಿಂದ ಕಾಣೆಯಾಗಿತ್ತು. ಐದನೆಯ ತಿಂಗಳಲ್ಲಿ ಅದನ್ನು ಯಾರೋ ಆನ್ ಮಾಡಿದರು. ಆ ಯಾರೋ ಅವಳ ಗಂಡನ ತಮ್ಮ. ಹೊಲ, ತೋಟ, ಎರಡು ಟ್ರ್ಯಾಕ್ಟರು ಇರುವ ಮನೆ. ಮೆರವಣಿಗೆಯಲ್ಲಿ ಬ್ಯಾನರಿನ ಒಂದು ತುದಿ ಹಿಡಿದು ಮುಂದೆ ನಡೆದವನೂ ಅವನೇ. ಪೊಲೀಸರ ವಿಚಾರಣೆಯಲ್ಲಿ ಎಲ್ಲಾ ಹೊರಗೆ ಬಂತು, ಸಾಕ್ಷಿಗಳೂ ಸಿಕ್ಕಿದವು. ಫಿಲೇಚರ್‌ನವನ ಹೆಸರನ್ನು ಕೈಬಿಟ್ಟರು. ಅವನು ಹೊರಗೆ ಬಂದ ದಿನ ಜೈಲಿನ ಗೇಟಿನಲ್ಲಿ ಅವನ ಹೆಂಡತಿ ಮತ್ತು ನಾನು, ಇಬ್ಬರೇ.

ಈಗ ಹೇಳಿ, ಊರು ಮತ್ತೆ ಕುದಿಯಬೇಕಿತ್ತಲ್ಲವೇ? ಅಂಗಡಿ ಮುಚ್ಚಬೇಕಿತ್ತು, ಮೊಂಬತ್ತಿ ಹಚ್ಚಬೇಕಿತ್ತು, ಬೋರ್ಡಿಗೆ ಇನ್ನೊಂದು ಹಾಳೆ ಬರಬೇಕಿತ್ತು. ಒಂದು ಕಡ್ಡಿಯೂ ಅಲ್ಲಾಡಲಿಲ್ಲ. "ಮನೆ ವಿಷಯ, ಪಾಪ, ಏನಾಗಿತ್ತೋ ಏನೋ" ಅಂದರು. "ಒಳ್ಳೇ ಮನೆತನದ ಹುಡುಗ" ಅಂದರು. ಅವನ ವಕಾಲತ್ತು ಹಾಕಲು ಆರು ಜನ ಮುಂದೆ ಬಂದರು. ಹಾಕಿದ್ದು ನಮ್ಮ ಹಿರಿಯರೇ. ಆರೋಪ ಸಾಬೀತಾಗುವವರೆಗೂ ಮನುಷ್ಯ ನಿರಪರಾಧಿ ಅಂತ ಅವತ್ತು ಅವರು ವಾದಿಸಿದ್ದನ್ನು ನಾನು ಹಿಂದಿನ ಬೆಂಚಿನಲ್ಲಿ ಕೂತು ಕೇಳಿದೆ. ಚೆನ್ನಾಗಿ ವಾದಿಸಿದರು. ಒಂದೊಂದು ಮಾತೂ ಸರಿಯಾಗಿತ್ತು. ನನಗೆ ಮೈ ಉರಿದುಹೋಯಿತು. ಈ ಮಾತುಗಳೆಲ್ಲಾ ಈ ಬಾಯಿಗೆ ಗೊತ್ತಿದ್ದವು. ಬೇಸಿನ್ನಿನವನಿಗೆ ಬಳಸಲು ಮಾತ್ರ ಮನಸ್ಸಿರಲಿಲ್ಲ.

ಸುಳ್ಳು ಹೇಳುವುದಿಲ್ಲ, ಆ ಗಳಿಗೆಯಲ್ಲಿ ಆ ಮೈದುನನನ್ನು ಗಲ್ಲಿಗೆ ಹಾಕಬೇಕು ಅಂತ ನನಗೇ ಅನ್ನಿಸಿತು. ಮನಸ್ಸಿನಲ್ಲೇ ಹಗ್ಗವನ್ನೂ ಹಿಡಿದೆ. ಆಮೇಲೆ ಹೆದರಿಕೆಯಾಯಿತು. ಅನ್ಯಾಯ ನೋಡಿ ಬಂದ ನನ್ನ ಕೋಪವೂ ಅವರ ಕೋಪವೂ ಕೇಳುತ್ತಿದ್ದದ್ದು ಒಂದನ್ನೇ ಅಲ್ಲವೇ ಅಂತ. ಗಲ್ಲು ಇರಬೇಕು ಅನ್ನುವವರು ಬಂದು ವಾದ ಮಾಡಲಿ, ನಾನು ತಯಾರಿದ್ದೇನೆ. ಆದರೆ ಮೊದಲು ಆ ಐದು ತಿಂಗಳ ಲೆಕ್ಕ ಹೇಳಲಿ. ಫೋನು ಆನ್ ಆಗದೇ ಹೋಗಿದ್ದರೆ ಏನಾಗುತ್ತಿತ್ತು ಅಂತ ಹೇಳಲಿ. ಜೈಲಿನಿಂದ ಮನುಷ್ಯನನ್ನು ವಾಪಸ್ ಕರೆತರಬಹುದು. ನಾನೇ ಗೇಟಿನಿಂದ ಬಸ್ಸಿಗೆ ಹತ್ತಿಸಿ ಕರೆತಂದಿದ್ದೇನೆ.

ಸತ್ತವಳ ತಾಯಿ ಆಮೇಲೆ ಒಂದು ದಿನ ನನ್ನ ಹತ್ತಿರ ಬಂದಳು. ಅದೇ ಜಗಲಿ. "ಅವತ್ತು ನನ್ ಪಕ್ಕ ಊರೇ ನಿಂತಿತ್ತಮ್ಮ. ಈಗ ಯಾರೂ ಬರ್ತಿಲ್ಲ" ಅಂದಳು. ಮಗಳ ಕೇಸಿಗೆ ಪ್ರತಿ ವಾಯಿದೆಗೂ ಬಂದು ಅವಳ ಜೊತೆ ಕೂರುತ್ತೇನೆ, ಸರ್ಕಾರಿ ವಕೀಲರ ಬೆನ್ನು ಬೀಳುತ್ತೇನೆ ಅಂದೆ. "ಅವನಿಗೆ ಗಲ್ಲು ಕೊಡುಸ್ತೀಯಾ?" ಅಂತ ಕೇಳಿದಳು. "ಅದೊಂದು ಕೇಳಲ್ಲಮ್ಮ. ಬದುಕಿರೋ ತನಕ ಒಳಗಿರ್ಲಿ, ಅದಕ್ಕೆ ಏನು ಬೇಕೋ ಮಾಡ್ತೀನಿ" ಅಂದೆ. ಅವಳು ಒಪ್ಪಲಿಲ್ಲ. ಒಪ್ಪದೆಯೇ ಪಕ್ಕದಲ್ಲಿ ಕೂತಳು. ಈಗಲೂ ಹಾಗೇ ಕೂರುತ್ತಾಳೆ.

ಕಳೆದ ಅವರೆಕಾಯಿ ಕಾಲದಲ್ಲಿ ಆ ಗಂಡ ಹೆಂಡತಿ ನಮ್ಮ ಮನೆಗೆ ಬಂದರು. ಅಮ್ಮನಿಗೆ ಅಂತ ಒಂದು ಚೀಲ ಸೊಗಡಿನ ಅವರೆಕಾಯಿ ತಂದಿದ್ದರು. ಅವನು ಹಳೆಯ ಕೆಲಸಕ್ಕೇ ವಾಪಸಾಗಿದ್ದ. ಬೇರೆ ಏನು ಗೊತ್ತು ಅವನಿಗೆ? ಎಂಟು ದಿನದಲ್ಲಿ ಕೈ ಮೊದಲಿನ ಹಾಗೇ ಆಗಿತ್ತು. ಬೀದಿಯಲ್ಲಿ ಜನ ಇನ್ನೂ ಆ ಕೈಯನ್ನೇ ನೋಡುತ್ತಾರಂತೆ. ಅದಕ್ಕೆ ಅವನು ಟವೆಲ್ ಸುತ್ತಿಕೊಂಡು ಬಂದಿದ್ದ. ಅಮ್ಮ ಟವೆಲ್ ಬಿಚ್ಚಿಸಿ ಎಣ್ಣೆ ಹಚ್ಚಿದಳು. ಎಲ್ಲರೂ ಸೇರಿ ಕಾಯಿ ಸುಲಿಯುತ್ತಾ ಕೂತೆವು. ನನ್ನೊಳಗೆ ಇಷ್ಟು ದಿನ ಕೊರೆಯುತ್ತಿದ್ದದ್ದನ್ನು ಆಗ ಹೇಳಿಬಿಟ್ಟೆ.

"ನಿಮಗೊಂದ್ ವಿಷ್ಯ ಹೇಳಿಲ್ಲ ನಾನು. ಆ ಹಾಳೇಲಿ ನನ್ ಸಹೀನೂ ಇದೆ."

ಆ ಹೆಂಗಸು ತಲೆ ಎತ್ತಲಿಲ್ಲ. "ಗೊತ್ತಕ್ಕ. ಮೊದ್ಲನೇ ಸಲ ಬರೋಕ್ ಮುಂಚೇನೇ ನಮ್ ಮಗಳು ಬೋರ್ಡ್ ನೋಡಿ ಹೆಸರೆಲ್ಲಾ ಓದಿ ಹೇಳಿದ್ಲು."

"ಮತ್ತೆ ನನ್ ಹತ್ರ ಯಾಕೆ ಬಂದ್ರಿ?"

"ಮಿಕ್ಕಿದೋರಿಗೆ ಈ ಕೈ ಏನು ಅಂತ ಗೊತ್ತಿರ್ಲಿಲ್ಲ ಬಿಡಕ್ಕ, ತಿಳೀದೆ ಹಾಕಿದ್ರು. ಆಮೇಲೆ ನೀವು ಬೇಸಿನ್ನಮ್ಮನ ಮಗಳು ಅಂತ ಯಾರೋ ಹೇಳಿದ್ರು. ಗೊತ್ತಿದ್ದೂ ಹಾಕಿರೋರನ್ನ ತಾನೆ ಕೇಳ್ಬೋದು?"

ಅವಳ ದನಿಯಲ್ಲಿ ಕೋಪವಿರಲಿಲ್ಲ. ಕಾಯಿ ಸುಲಿಯುತ್ತಲೇ ಹೇಳಿದಳು. ಅಮ್ಮನ ಕೈ ಮಾತ್ರ ನಿಂತುಹೋಯಿತು. ಸಹಿಯ ವಿಷಯ ಅವಳಿಗೆ ತಿಳಿದದ್ದು ಅದೇ ಮೊದಲು. ನನ್ನ ಬಲಗೈಯನ್ನು ನೋಡಿದಳು.

"ನಂಗೆ ಮುದ್ದೆ ತಿನ್ಸಿದ್ ಕೈಲೇ ಹಾಕಿದ್ಯೇನೇ?" ಅಂದಳು.